ಆಕಳು ಅವರದು, ಕರು ಯಾರದು?

ಕಬ್ಬಿನ ಬಿಲ್ಲು ಕೈಸೇರಿದ ವರ್ಷ ಒಂದು ಎಮ್ಮೆಯನ್ನು ಕೊಳ್ಳುವುದು, ಟ್ರ್ಯಾಕ್ಟರಿಗೆ ಮುಂಗಡ ಕೊಡುವುದು, ಇಲ್ಲವೆ ಬಹುದಿನದಿಂದ ತಡೆದಿದ್ದ ಮದುವೆಯೊಂದನ್ನು ತೆಗೆಯುವುದು ಜಮಖಂಡಿ ಮುಧೋಳಗಳ ಒಕ್ಕಲುಮನೆತನಗಳ ರೂಢಿಯಾಗಿತ್ತು. ಕೃಷ್ಣೆಯ ಹಿನ್ನೀರು ಹೊಲಗಳನ್ನು ನುಂಗಿದ ಬೀಳಗಿಯ ಸೀಮೆಯಲ್ಲಿ ಮುಳುಗಡೆಯ ಪರಿಹಾರಧನವೂ ಬಹುಮಟ್ಟಿಗೆ ಇದೇ ದಾರಿಯನ್ನು ಹಿಡಿಯುತ್ತಿತ್ತು. ಈಚಿನ ವರ್ಷಗಳಲ್ಲಿ ಈ ಖರ್ಚಿನ ಪಟ್ಟಿಗೆ ಹೊಸದೊಂದು ಬಾಬು ಸೇರಿಕೊಂಡಿದೆ. ಪದವಿಯನ್ನು ಮುಗಿಸಿಕೊಂಡು ಊರಿಗೆ ಮರಳಿದ ಮಗನಿಗೆ ನೌಕರಿಯ ಆಸೆ ದೂರವಾದಾಗ, ಪುಣೆಯದೋ ಬೆಂಗಳೂರಿನದೋ ಹೆಸರಾಂತ ಕಂಪನಿಯೊಂದರ ಚಹಾದಂಗಡಿಯನ್ನೋ, ಬೇಕರಿಯನ್ನೋ, ಕೋಚಿಂಗ್ ತರಗತಿಯನ್ನೋ ಹಿಡಿದುಕೊಡುವುದೇ ಆ ಬಾಬು. "ಮಗ ಏನ್ ಮಾಡ್ತಾನ್ರಿ?" ಎಂದರೆ, "ಫ್ರಾಂಚೈಸಿ ತಗೊಂಡಾನ್ರಿ" ಎಂದು ತಂದೆ ಸ್ವಲ್ಪ ಎದೆಯುಬ್ಬಿಸಿಯೇ ಹೇಳುತ್ತಾನೆ.

ಫ್ರಾಂಚೈಸಿ ಎಂಬುದು ಮೂಲತಃ ಹೆಸರಿನ ಬಾಡಿಗೆ. ಕಂಪನಿಯು ತನ್ನ ಹೆಸರನ್ನೂ ಫಲಕವನ್ನೂ ಅಡುಗೆಯ ಕ್ರಮವನ್ನೂ ಬಳಸಲು ಅನುಮತಿ ಕೊಡುತ್ತದೆ. ಅಂಗಡಿಕಾರನು ಡಿಪಾಜಿಟ್ಟು ಕಟ್ಟಿ, ಜಾಗ ಹಿಡಿದು, ಒಳಾಲಂಕಾರವನ್ನು ಅವರು ಹೇಳಿದಂತೆಯೇ ಮಾಡಿಸಿ, ಸಾಮಾನನ್ನು ಅವರಲ್ಲಿಯೇ ಕೊಂಡು, ಮಾರಾಟದಲ್ಲಿ ಇಷ್ಟು ಪಾಲು ರಾಯಲ್ಟಿಯೆಂದು ತೆರುತ್ತಾನೆ. ಲಾಭವಾದರೆ ಇಬ್ಬರಿಗೂ ಲಾಭ, ನಷ್ಟವಾದರೆ ಪ್ರಾಯಶಃ ಅಂಗಡಿಕಾರನೊಬ್ಬನಿಗೇ ನಷ್ಟ. ಇಷ್ಟನ್ನು ನಮ್ಮ ತರುಣರು ಬಲ್ಲರು. ತಿಳಿದೇ ರುಜು ಮಾಡುತ್ತಾರೆ. ಅವರು ತಿಳಿಯದೆ ರುಜು ಮಾಡುವ ಕಲಮು ಬೇರೊಂದಿದೆ. ಕರಾರುಪತ್ರದ ನಡುಪುಟಗಳಲ್ಲಿ, ಗೌಪ್ಯಪಾಲನೆಯ ನಿಬಂಧನೆಗಳ ಹಿಂದುಮುಂದೆ ಸಣ್ಣಕ್ಷರಗಳಲ್ಲಿ ಅಡಗಿರುವ ಆ ಕಲಮಿನ ತಾತ್ಪರ್ಯವಿಷ್ಟು: ಈ ವ್ಯಾಪಾರವನ್ನು ನಡೆಸುವಾಗ ಅಂಗಡಿಕಾರನಿಗೆ ಹೊಳೆಯುವ ಯಾವುದೇ ಹೊಸ ಯುಕ್ತಿ, ಹೊಸ ತಿನಿಸು, ಹೊಸ ವಿಧಾನ, ಹೊಸ ಜಾಹೀರಾತು, ಇವೆಲ್ಲವೂ ಹುಟ್ಟಿದ ಕ್ಷಣದಿಂದಲೇ ಕಂಪನಿಯ ಸ್ವತ್ತು; ಅದಕ್ಕಾಗಿ ಪ್ರತ್ಯೇಕ ಪ್ರತಿಫಲವಿಲ್ಲ; ಕರಾರು ಮುಗಿದ ಮೇಲೆ ಅಂಗಡಿಕಾರನು ಅದನ್ನು ಬಳಸಕೂಡದು.

ಇದರ ಅರ್ಥವನ್ನು ಒಂದು ಕಲ್ಪಿತ ದೃಷ್ಟಾಂತದಿಂದ ಬಿಡಿಸಿ ನೋಡೋಣ. ಜಮಖಂಡಿಯ ಬಸ್‌ಸ್ಟ್ಯಾಂಡಿನ ಬಳಿ ತರುಣನೊಬ್ಬನು ಇಂತಹ ಚಹಾದಂಗಡಿಯನ್ನು ತೆರೆದಿದ್ದಾನೆಂದು ಭಾವಿಸಿರಿ. ಕಂಪನಿಯ ಸಕ್ಕರೆಯ ಚಹಾ ನಮ್ಮ ಜನಕ್ಕೆ ಅಷ್ಟಾಗಿ ಹಿಡಿಸುವುದಿಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆ ಇಲ್ಲಿಂದ ಬಹುದೂರವೇನೂ ಇಲ್ಲ; ತರುಣನು ಅಲ್ಲಿಂದ ಬೆಲ್ಲ ತರಿಸಿ, ಹಾಲು ಒಡೆಯದಂತೆ ಬೆಲ್ಲವನ್ನು ಯಾವ ಹದದಲ್ಲಿ, ಯಾವ ಘಳಿಗೆಯಲ್ಲಿ ಬೆರೆಸಬೇಕೆಂಬುದನ್ನು ತಿಂಗಳೊಪ್ಪತ್ತು ಹಾಲು ಕೆಡಿಸಿ ಕಲಿತು, ಒಂದು ಚಹಾ ಮಾಡಿ, ಜೊತೆಗೆ ಗಿರ್ಮಿಟ್ಟನ್ನೂ ಮಿರ್ಚಿಯನ್ನೂ ಇಡುತ್ತಾನೆ. ಜನ ಮುಗಿಬೀಳುತ್ತಾರೆ. ಮೂರೇ ತಿಂಗಳಿಗೆ ಕಂಪನಿಯ ಮೇಲ್ವಿಚಾರಕನು ಬಂದು ಕುಡಿದು, ತಲೆದೂಗಿ, ಹದವನ್ನು ಬರೆದುಕೊಂಡು ಹೋಗುತ್ತಾನೆ. ಆರು ತಿಂಗಳಿಗೆ ಅದೇ ಚಹಾ ಹುಬ್ಬಳ್ಳಿಯಲ್ಲೂ ಕೊಲ್ಹಾಪುರದಲ್ಲೂ ಮಾರಾಟಕ್ಕೆ ನಿಲ್ಲುತ್ತದೆ. ಹುಡುಗನಿಗೆ ದೊರೆತದ್ದೇನು? ಬಹಳವಾದರೆ ವಾರ್ಷಿಕ ಸಭೆಯಲ್ಲಿ ಒಂದು ಶಾಲು. ಐದು ವರ್ಷದ ಕರಾರು ಮುಗಿದು ನವೀಕರಣವಾಗದೆ ಹೋದರಂತೂ, ತನ್ನದೇ ಜಾಗದಲ್ಲಿ, ತನ್ನದೇ ಕೈಯಿಂದ, ತಾನೇ ಕಂಡುಹಿಡಿದ ಚಹಾವನ್ನು ಅವನು ಮಾರುವಂತಿಲ್ಲವೆಂದು ನೋಟೀಸು ಬರುತ್ತದೆ.

ಇದು ಅತಿಶಯೋಕ್ತಿಯೆಂದು ಭಾವಿಸುವವರು ಅಮೆರಿಕದ ಮ್ಯಾಕ್‌ಡೊನಾಲ್ಡ್ಸ್ ಕಂಪನಿಯ ಇತಿಹಾಸವನ್ನು ನೋಡಬಹುದು. ಇಂದು ಲೋಕವೆಲ್ಲ ಬಲ್ಲ ಅದರ ಹಲವು ತಿನಿಸುಗಳು ಕಂಪನಿಯ ಪಾಕಶಾಲೆಯಲ್ಲಿ ಹುಟ್ಟಿದವಲ್ಲ, ಫ್ರಾಂಚೈಸಿಯ ಅಂಗಡಿಕಾರರ ಒಲೆಯ ಮೇಲೆ ಹುಟ್ಟಿದವು. ಸಿನ್ಸಿನಾಟಿ ನಗರದ ಲೂ ಗ್ರೋಯೆನ್ ಎಂಬಾತನ ಅಂಗಡಿಯಿದ್ದದ್ದು ಕ್ಯಾಥೊಲಿಕರ ನೆರೆಯಲ್ಲಿ; ಶುಕ್ರವಾರ ಅವರು ಮಾಂಸ ಮುಟ್ಟುತ್ತಿರಲಿಲ್ಲ, ಆ ದಿನ ವ್ಯಾಪಾರ ನೆಲಕಚ್ಚುತ್ತಿತ್ತು. ಶ್ರಾವಣ ಸೋಮವಾರದಂದು ನಮ್ಮ ಖಾನಾವಳಿಗಳ ಪಾಡನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆತನು 1962ರಲ್ಲಿ ಮೀನಿನ ತಿನಿಸೊಂದನ್ನು ರೂಪಿಸಿದ. ಕಂಪನಿಯ ಯಜಮಾನ ರೇ ಕ್ರಾಕ್‌ಗೆ ಅದು ರುಚಿಸದೆ, ಅನಾನಸಿನ ಬಿಲ್ಲೆಯನ್ನಿಟ್ಟ ತನ್ನದೇ ಒಂದು ಕಲ್ಪನೆಯನ್ನು ಅದರೆದುರು ಸ್ಪರ್ಧೆಗಿಳಿಸಿದ, ಗೆದ್ದದ್ದು ಮೀನು. ಪೆನ್ಸಿಲ್ವೇನಿಯದ ಜಿಮ್ ಡೆಲಿಗಟ್ಟಿ 1967ರಲ್ಲಿ 'ಬಿಗ್ ಮ್ಯಾಕ್' ಅನ್ನು ಮೊದಲು ಮಾರಿದಾಗಲೂ ಕಂಪನಿ ಅನುಮಾನಿಸುತ್ತಲೇ ಒಪ್ಪಿತ್ತು. ಮರುವರ್ಷ ಅದು ದೇಶದಾದ್ಯಂತ ಹಬ್ಬಿತು. ಅದಕ್ಕಾಗಿ ಡೆಲಿಗಟ್ಟಿಗೆ ರಾಯಲ್ಟಿಯೇನೂ ಸಂದಾಯವಾಗಲಿಲ್ಲ. ಒಂದು ಸ್ಮರಣಫಲಕ ದೊರೆಯಿತು. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಆತನಿಗೆ ಹಲವಾರು ಅಂಗಡಿಗಳಿದ್ದವು, ತನ್ನ ತಿನಿಸಿನಿಂದ ಆತನೂ ಧಾರಾಳವಾಗಿ ಗಳಿಸಿದ. ಒಂದೇ ಅಂಗಡಿಯ, ಕಬ್ಬಿನ ಬಿಲ್ಲಿನ ಬಂಡವಾಳದ ನಮ್ಮ ಹುಡುಗನಿಗೆ ಆ ಸಮಾಧಾನವಿಲ್ಲ.

ಈಗ ಕಾನೂನಿನ ಮಾತು. 1872ರ ನಮ್ಮ ಕರಾರು ಕಾಯಿದೆಯಲ್ಲಿ ನನಗೆ ಬಹಳ ಪ್ರಿಯವಾದ ಒಂದು ಉದಾಹರಣೆಯಿದೆ. ಒಬ್ಬನು ತನ್ನ ಆಕಳನ್ನು ಇನ್ನೊಬ್ಬನ ಸುಪರ್ದಿಗೆ ಬಿಟ್ಟು ಹೋಗುತ್ತಾನೆ. ಅಲ್ಲಿ ಅದು ಕರು ಹಾಕುತ್ತದೆ. ಆಕಳನ್ನು ಹಿಂತಿರುಗಿಸುವಾಗ ಕರುವನ್ನೂ ಕೊಡಬೇಕೆಂದು 163ನೆಯ ಕಲಮು ವಿಧಿಸುತ್ತದೆ. ಫ್ರಾಂಚೈಸಿಗೆ ಆ ಕಲಮು ನೇರವಾಗಿ ಅನ್ವಯಿಸದು, ಹೆಸರೇನೂ ಆಕಳಲ್ಲ. ಆದರೆ ಕಂಪನಿಗಳ ಮನೋಧರ್ಮ ಮಾತ್ರ ತದ್ವತ್ತಾಗಿ ಇದೇ. ಹೆಸರು ನಮ್ಮದು, ಆದ್ದರಿಂದ ಹೆಸರಿನ ನೆರಳಿನಲ್ಲಿ ಹುಟ್ಟಿದ್ದೆಲ್ಲ ನಮ್ಮದು. ನಮ್ಮ ಹಳ್ಳಿಗಳವರು ಆ ಕಾಯಿದೆಯನ್ನು ಓದಿದವರಲ್ಲವಾದರೂ ಆ ಕಲಮಿನಲ್ಲಿಯೇ 'ಬೇರೆ ಕರಾರಿಲ್ಲದಿದ್ದರೆ' ಎಂಬ ಮಾತಿರುವುದನ್ನು ಬಲ್ಲವರಂತೆ ನಡೆದುಕೊಂಡು ಬಂದಿದ್ದಾರೆ. ಆಕಳನ್ನೋ ಆಡನ್ನೋ ಪಾಲಿಗೆ ಕೊಡುವ ಪದ್ಧತಿಯನ್ನು ನೋಡಿರಿ. ಊರೂರಿಗೆ ಕಟ್ಟಳೆ ಭಿನ್ನ, ಒಂದು ಕರು ಧಣಿಗೆ ಮತ್ತೊಂದು ಸಾಕಿದವನಿಗೆ ಎಂದೋ, ಬೆಲೆ ಕಟ್ಟಿ ಸರಿಪಾಲು ಎಂದೋ; ಆದರೆ ಮೇವು ಹಾಕಿ, ರಾತ್ರಿ ಎದ್ದು, ಹೆರಿಗೆ ಮಾಡಿಸಿದವನ ಕೈ ಬರಿದಾಗಿರತಕ್ಕದ್ದೆಂದು ಯಾವ ಊರಿನ ಕಟ್ಟಳೆಯೂ ಹೇಳದು. ಹತ್ತಾರು ಪುಟಗಳ ಕರಾರುಪತ್ರವನ್ನು ಬರೆದ ಮಹಾನಗರದ ವಕೀಲರಿಗೆ ಹೊಳೆಯದ ನ್ಯಾಯ ಇದು.

ಹೆಸರಿನ ಬಾಡಿಗೆ ನಮ್ಮ ಸೀಮೆಗೆ ಹೊಸದಾದರೂ ಈ ಸಂಬಂಧದ ಅಂತರಂಗ ಹೊಸದಲ್ಲ. ರಬಕವಿ-ಬನಹಟ್ಟಿಯಲ್ಲಿ ಮಾಲಕನು ನೂಲನ್ನು ಕೊಟ್ಟು, ನೇಕಾರನು ಸೀರೆಯನ್ನು ನೇಯ್ದು ಕೊಟ್ಟು ಮಜೂರಿ ಪಡೆಯುವ ಏರ್ಪಾಡು ತಲೆಮಾರುಗಳಿಂದ ನಡೆದುಬಂದಿದೆ. 1975ರಲ್ಲಿ ಸ್ಥಾಪಿತವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವೂ ನೂಲು ಕೊಟ್ಟು ಬಟ್ಟೆ ಪಡೆಯುವ ಕ್ರಮವನ್ನೇ ಅನುಸರಿಸಿತು. ಮಜೂರಿ ನೇಕಾರನು ಬರಿಯ ಕೈಯಲ್ಲ. ದಡಿಯಲ್ಲಿ ಒಂದು ಎಳೆಯ ಬಣ್ಣವನ್ನು ಬದಲಿಸಿದರೆ ಸೀರೆಯ ಮೋರೆಯೇ ಬದಲಾಗುವುದೆಂಬುದು, ಸೆರಗಿನ ಬುಟ್ಟಾವನ್ನು ಸ್ವಲ್ಪ ಸರಿಸಿದರೆ ನೂಲು ಉಳಿದು ಅಂದವೂ ಹೆಚ್ಚುವುದೆಂಬುದು ಮೊದಲು ಹೊಳೆಯುವುದು ಮಗ್ಗದ ಮುಂದೆ ಕುಳಿತವನಿಗೆ. ಎಷ್ಟೋ ವೇಳೆ ಪಕ್ಕದಲ್ಲಿ ಕಂಡಿಕೆ ಸುತ್ತುವ ಅವನ ಹೆಂಡತಿಗೆ. ಆ ದಡಿ ಪೇಟೆಯಲ್ಲಿ ಓಡಿದರೆ ಮಾಲಕನು ಇನ್ನು ಹತ್ತು ಮಗ್ಗಗಳಿಗೆ ಅದನ್ನೇ ಹಚ್ಚುತ್ತಾನೆ, ಪಕ್ಕದ ಓಣಿಯ ಮಾಲಕನೂ ಅದನ್ನೇ ಹಚ್ಚುತ್ತಾನೆ, ಮೊದಲು ಕಂಡವನ ಮಜೂರಿ ಇದ್ದಲ್ಲಿಯೇ ಇರುತ್ತದೆ.

ಇದರಲ್ಲಿ ಕಾನೂನು ನೇಕಾರನ ಕಡೆಗಿದೆಯೆ? 2000ದ ವಿನ್ಯಾಸಗಳ ಕಾಯಿದೆ ಹೇಳುವಂತೆ, ತಕ್ಕ ಪ್ರತಿಫಲ ಪಡೆದು ಇನ್ನೊಬ್ಬನಿಗಾಗಿ ವಿನ್ಯಾಸವನ್ನು ರಚಿಸಿದರೆ ಒಡೆತನ ಆ ಇನ್ನೊಬ್ಬನದು. ಮಜೂರಿಯನ್ನು ಕೊಟ್ಟಿದ್ದೇನೆ, ಆದ್ದರಿಂದ ದಡಿಯೂ ನನ್ನದು ಎಂದು ಮಾಲಕನು ವಾದಿಸಬಹುದು. ನನ್ನ ಅಭಿಪ್ರಾಯದಲ್ಲಿ ಆ ವಾದ ನಿಲ್ಲದು; ಮಜೂರಿಯು ಗಜವನ್ನು ಅಳೆದು ನೇಯ್ಗೆಗೆ ಕೊಟ್ಟದ್ದೇ ಹೊರತು ಯುಕ್ತಿಯನ್ನು ಅಳೆದು ಕೊಟ್ಟದ್ದಲ್ಲ. ಆದರೆ ದಡಿಯೊಂದರ ಸಲುವಾಗಿ ಕೋರ್ಟಿನ ಮೆಟ್ಟಿಲೇರಬಲ್ಲ ಮಜೂರಿ ನೇಕಾರನು ಯಾವ ಓಣಿಯಲ್ಲಿದ್ದಾನೆ? ಇನ್ನು 1957ರ ಕೃತಿಸ್ವಾಮ್ಯದ ಕಾಯಿದೆಯ ಆಶ್ರಯವಾದರೂ ಉಂಟೋ ಎಂದು ನೋಡಿದರೆ, ಅಲ್ಲಿ ಇನ್ನೂ ವಿಚಿತ್ರವಾದ ಒಂದು ಗಂಟಿದೆ: ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದ ರಚನೆಯೊಂದನ್ನು ನೋಂದಾಯಿಸದೆ, ಒಡೆಯನೋ ಅವನ ಅನುಮತಿ ಪಡೆದವನೋ ಯಂತ್ರವಿಧಾನದಿಂದ ಐವತ್ತಕ್ಕಿಂತ ಹೆಚ್ಚು ಪ್ರತಿಗಳನ್ನು ಮಾಡಿದರೆ, ಅದರ ಮೇಲಿನ ಕೃತಿಸ್ವಾಮ್ಯವೇ ಲೋಪವಾಗುತ್ತದೆ. ವಿದ್ಯುತ್ ಮಗ್ಗಗಳ ಬನಹಟ್ಟಿಯಲ್ಲಿ ಐವತ್ತು ಸೀರೆ ಒಂದು ಸಣ್ಣ ಕಾರಖಾನೆಗೂ ಎಷ್ಟು ದಿನದ ಕೆಲಸ? ಐವತ್ತೊಂದನೆಯ ಸೀರೆ ಮಗ್ಗದಿಂದ ಇಳಿಯುವಾಗ ಆ ದಡಿ ಲೋಕದ ಸೊತ್ತಾಗಿರುತ್ತದೆ, ಕಂಡವನಿಗೆ ಆ ಸುದ್ದಿಯೂ ಇರುವುದಿಲ್ಲ. ಇಳಕಲ್ಲ ಸೀರೆಗೂ ಗುಳೇದಗುಡ್ಡದ ಖಣಕ್ಕೂ ದೊರೆತಿರುವ ಭೌಗೋಳಿಕ ಗುರುತಿನ ಮಾನ್ಯತೆ ನಮ್ಮ ಜಿಲ್ಲೆಗೆ ಭೂಷಣವೇ ಸರಿ. ಅದು ಊರಿನ ಹೆಸರನ್ನು ಕಾಯುತ್ತದೆ, ಒಬ್ಬ ನೇಕಾರನ ಯುಕ್ತಿಯನ್ನು ಕಾಯುವುದು ಅದರ ಕೆಲಸವಲ್ಲ.

ಚಹಾದಂಗಡಿಗೆ ಮರಳೋಣ. ಬೆಲ್ಲದ ಹದವು ಬರಿಯ ಯುಕ್ತಿ. ಯುಕ್ತಿಯ ಮೇಲೆ ಕೃತಿಸ್ವಾಮ್ಯವಿಲ್ಲ, ಅದರ ಅಭಿವ್ಯಕ್ತಿಯ ಮೇಲೆ ಮಾತ್ರ ಉಂಟೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ, ನಾಟಕಕಾರ ಆರ್. ಜಿ. ಆನಂದ್ ಅವರು ಚಲನಚಿತ್ರವೊಂದರ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅಂದರೆ, ಕಾನೂನು ಯಾರದೂ ಅಲ್ಲವೆಂದು ಬಿಟ್ಟುಕೊಟ್ಟದ್ದನ್ನು ಕರಾರು ಒಬ್ಬನದೇ ಎಂದು ಬರೆಸಿಕೊಳ್ಳುತ್ತದೆ. ಇದಕ್ಕಿಂತ ಸೋಜಿಗದ ಸಂಗತಿಯೆಂದರೆ, ಪೇಟೆಂಟ್ ಪಡೆಯಬಲ್ಲ ದೊಡ್ಡ ಆವಿಷ್ಕಾರಕ್ಕೆ ಶಾಸನ ಕಾವಲು ನಿಂತಿದೆ: ಪೇಟೆಂಟಿನ ಪರವಾನಗಿ ಪಡೆದವನು ಮಾಡಿದ ಸುಧಾರಣೆಯನ್ನು ಮೂಲ ಒಡೆಯನಿಗೇ ಅನನ್ಯವಾಗಿ ಮರಳಿಸಬೇಕೆಂಬ ಷರತ್ತು ಅಸಿಂಧುವೆಂದು 1970ರ ಪೇಟೆಂಟ್ ಕಾಯಿದೆಯ 140ನೆಯ ಕಲಮು, 2002ರ ತಿದ್ದುಪಡಿಯಾದಂದಿನಿಂದ, ಹೇಳುತ್ತದೆ. ಪ್ರಯೋಗಶಾಲೆಯ ಎಂಜಿನಿಯರನಿಗೆ ಉಂಟಾದ ಈ ರಕ್ಷಣೆ ಒಲೆಯ ಮುಂದಿನ ಹುಡುಗನಿಗೆ ಇಲ್ಲ. ಅವನು ತಾನೇ ಬರೆದ ಜಾಹೀರಾತಿನ ಪದ್ಯಕ್ಕೆ, ತಾನೇ ಬಿಡಿಸಿದ ಚಿತ್ರಕ್ಕೆ ಮಾತ್ರ ಕೃತಿಸ್ವಾಮ್ಯದ ಕಾಯಿದೆಯ ಸ್ವಲ್ಪ ಆಸರೆಯಿದೆ: ಅವುಗಳ ಹಕ್ಕಿನ ವರ್ಗಾವಣೆ ರುಜುವಿರುವ ಬರವಣಿಗೆಯಲ್ಲಿರಬೇಕು, ಪ್ರತಿಫಲವನ್ನು ಕಾಣಿಸಬೇಕು, ಅವಧಿಯನ್ನು ಹೇಳದಿದ್ದರೆ ಐದೇ ವರ್ಷವೆಂದು ತಿಳಿಯಬೇಕು. ಕರಾರು ನಡೆಯುತ್ತಿರುವಾಗ ಫ್ರಾಂಚೈಸಿಯವನು ಪ್ರತಿಸ್ಪರ್ಧಿಯ ಕೆಲಸ ಮಾಡಕೂಡದೆಂಬ ಷರತ್ತನ್ನು, ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಕಂಪನಿಗಳ ವ್ಯಾಜ್ಯದಲ್ಲಿ, ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಎತ್ತಿಹಿಡಿಯಿತು. ಕರಾರು ಮುಗಿದ ಮೇಲಿನ ನಿರ್ಬಂಧಗಳಿಗೆ ಮಾತ್ರ ನಮ್ಮ ನ್ಯಾಯಾಲಯಗಳು, ಕರಾರು ಕಾಯಿದೆಯ 27ನೆಯ ಕಲಮನ್ನು ಮುಂದಿಟ್ಟುಕೊಂಡು, ಸಾಮಾನ್ಯವಾಗಿ ಒಲಿಯುವುದಿಲ್ಲ. ಆದರೆ ನೋಟೀಸು ಕಂಡೊಡನೆ ಅಂಗಡಿಯ ಬಾಗಿಲೆಳೆಯುವವನಿಗೆ ನ್ಯಾಯಾಲಯದ ಒಲವು ತಿಳಿಯುವುದಾದರೂ ಹೇಗೆ?

ಕಂಪನಿಗಳ ಪಕ್ಷದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ನೂರು ಊರಿನ ನೂರು ಅಂಗಡಿಗಳಲ್ಲಿ ಒಂದೇ ರುಚಿಯಿರುವುದೇ ಅವುಗಳ ಬಲ. ಜಮಖಂಡಿಯವನು ತನ್ನ ಬೆಲ್ಲದ ಚಹಾಕ್ಕೆ ಬೀಗ ಹಾಕಿ, ಮುಧೋಳದ ಅಂಗಡಿಯವನು ಮಾರಬಾರದೆಂದು ತಡೆದರೆ ಸಮೂಹವೇ ಒಡೆದೀತು. ಹುಡುಗನ ಚಹಾ ಓಡಿದ್ದರಲ್ಲಿ ಕಂಪನಿಯ ಫಲಕದ ಪಾಲೂ ಉಂಟು. ಒಪ್ಪಿದೆ. ಆದರೆ ಈ ವಾದದಿಂದ ಸಿದ್ಧವಾಗುವುದು ಕಂಪನಿಗೆ ಬಳಕೆಯ ಹಕ್ಕು ಬೇಕೆಂಬುದಷ್ಟೆ. ಒಡೆತನವೇ ಬೇಕೆಂಬುದು ಸಿದ್ಧವಾಗುವುದಿಲ್ಲ. ಯುರೋಪಿನ ರಾಷ್ಟ್ರಗಳ ಒಕ್ಕೂಟವು 1988ರಲ್ಲಿಯೇ ಫ್ರಾಂಚೈಸಿಗಳಿಗಾಗಿ ಮಾಡಿದ ನಿಯಮದಲ್ಲಿ ಈ ಭೇದವನ್ನು ಅಚ್ಚುಕಟ್ಟಾಗಿ ಗುರುತಿಸಿತು: ಅಂಗಡಿಕಾರನು ತನ್ನ ಅನುಭವವನ್ನು ಕಂಪನಿಗೆ ತಿಳಿಸಬೇಕು, ಅದರಿಂದ ದೊರೆತ ಜ್ಞಾನವನ್ನು ಬಳಸಲು ಕಂಪನಿಗೂ ಇತರ ಅಂಗಡಿಕಾರರಿಗೂ ಅನುಮತಿ ಕೊಡಬೇಕು ಎಂದು ಕರಾರಿನಲ್ಲಿ ಬರೆಯಬಹುದು, ಆದರೆ ಆ ಅನುಮತಿ ಅನನ್ಯವಾಗಿರಕೂಡದು. ಎಲ್ಲರೂ ಬಳಸಲಿ, ಕಂಡವನ ಕೈಯೂ ಕಟ್ಟಿಹೋಗದಿರಲಿ. ನಮ್ಮ ಪಾಲಿನ ಆಕಳ ಪದ್ಧತಿಯೇ ಬ್ರಸೆಲ್ಸಿಗೆ ಹೋಗಿ ಕೋಟು ತೊಟ್ಟು ನಿಂತಂತೆ ಇದು ನನಗೆ ತೋರುತ್ತದೆ.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಶಾಸನವಿಲ್ಲ. ಮಲೇಷಿಯ 1998ರಲ್ಲಿಯೇ ಅಂತಹದೊಂದನ್ನು ಮಾಡಿಕೊಂಡಿತು. ಶಾಸನ ಮಾಡುವುದು ನಮಗೆ ಅಸಾಧ್ಯವೇನೂ ಆಗಿರಲಿಲ್ಲ. ರೈತನ ವಿಷಯದಲ್ಲಿ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಈ ಕೆಲಸವನ್ನು ಮಾಡಿದೆ: ಹೊಲದಲ್ಲಿ ತಳಿಯನ್ನು ಕಾಪಾಡಿ ಬೆಳೆಸಿದವನೂ ಅದನ್ನು ತನ್ನ ಹೆಸರಿನಲ್ಲಿ ನೋಂದಾಯಿಸಬಹುದು, ಅವನ ತಳಿಯಿಂದ ಇನ್ನೊಬ್ಬನು ಹೊಸತನ್ನು ಬೆಳೆಸಿ ಗಳಿಸಿದರೆ ಪಾಲನ್ನು ಕೇಳಬಹುದು. ಪೆಪ್ಸಿಕೋ ಕಂಪನಿಯು 2019ರಲ್ಲಿ ತನ್ನ ಆಲೂಗಡ್ಡೆಯ ತಳಿಯನ್ನು ಬೆಳೆದರೆಂದು ಗುಜರಾತಿನ ರೈತರ ಮೇಲೆ ದಾವೆ ಹೂಡಿ, ದೇಶವೆಲ್ಲ ಕೂಗೆಬ್ಬಿಸಿದಾಗ ಹಿಂತೆಗೆದುಕೊಂಡದ್ದನ್ನು ಓದುಗರು ಮರೆತಿರಲಾರರು. ಅಂದು ರೈತರ ಬೆನ್ನಿಗೆ ಆ ಕಾಯಿದೆಯಿತ್ತು. ಅದೇ ರೈತನ ಮಗನು ಅಂಗಡಿಯಿಟ್ಟ ದಿನ ಬೆನ್ನಿಗೆ ಏನೂ ಇಲ್ಲ.

ನಮ್ಮ ಸೀಮೆಯ ಯುಕ್ತಿಯನ್ನು ಕಡೆಗಣಿಸುವವರಿಗೆ ಚಿಕ್ಕಪಡಸಲಗಿಯನ್ನು ನೆನಪಿಸಬೇಕಾಗುತ್ತದೆ. ಸರಕಾರದ ದಾರಿ ಕಾದು ಬೇಸತ್ತ ಜಮಖಂಡಿಯ ರೈತರು ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ತಮ್ಮದೇ ಹಣ, ತಮ್ಮದೇ ಬೆವರು ಹಾಕಿ 1989ರಲ್ಲಿ ಅಲ್ಲಿ ಕೃಷ್ಣೆಗೆ ಬ್ಯಾರೇಜನ್ನು ಕಟ್ಟಿದರು. ಶ್ರಮಬಿಂದು ಸಾಗರವೆಂಬ ಅದರ ಹೆಸರು ಕಟ್ಟಿದವರ ಬೆವರನ್ನೇ ಹೇಳುತ್ತದೆ, ಯಾವ ಇಲಾಖೆಯ ಹೆಸರನ್ನೂ ಹೇಳುವುದಿಲ್ಲ. ಎದುರು ಉದಾಹರಣೆಯೂ ಹತ್ತಿರದಲ್ಲೇ ಇದೆ. ಮುಧೋಳದ ಬೇಟೆನಾಯಿಯನ್ನು ಬೇಟೆಗಾರ ಬೇಡರು ತಮ್ಮ ಹಟ್ಟಿಗಳಲ್ಲಿ ಸಾಕಿ ಉಳಿಸಿಕೊಂಡು ಬಂದರು. ಅದರ ಗುಣವನ್ನು ಕಂಡು ತಳಿಯನ್ನು ಬೆಳೆಸಿದ ಕೀರ್ತಿ ಮಾಲೋಜಿರಾವ್ ಘೋರ್ಪಡೆ ಮಹಾರಾಜರದು, ಅದು ನ್ಯಾಯವಾದದ್ದೇ. 2005ರಲ್ಲಿ ಅಂಚೆಚೀಟಿಯ ಮೇಲೆ ನಾಯಿ ಬಂತು, ಸಂಸ್ಥಾನದ ಹೆಸರು ಬಂತು. ಬೇಡರ ಹೆಸರು ಎಲ್ಲಿಯೂ ಬರಲಿಲ್ಲ.

ಶಾಸನವಾಗುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಹಳ್ಳಿಗರಿಗೆ ಸರಕಾರಿ ಸೇವೆಗಳನ್ನು ಒದಗಿಸುವ ಗ್ರಾಮ ಒನ್ ಕೇಂದ್ರಗಳನ್ನು ಫ್ರಾಂಚೈಸಿಯ ಮೇಲೆ ನಡೆಸುತ್ತಿರುವುದು ನಮ್ಮ ರಾಜ್ಯ ಸರಕಾರವೇ. ವಿದ್ಯುತ್ ಬಿಲ್ಲು ವಸೂಲಿಗೆ ಗ್ರಾಮ ವಿದ್ಯುತ್ ಪ್ರತಿನಿಧಿಗಳನ್ನು ನೇಮಿಸಿಕೊಂಡದ್ದೂ ಇದೇ ಕ್ರಮದಿಂದ. ಅರ್ಜಿದಾರರ ಸಾಲನ್ನು ಅರ್ಧಕ್ಕಿಳಿಸುವ ಉಪಾಯವೊಂದು ಬೀಳಗಿಯ ಹಳ್ಳಿಯೊಂದರ ಗ್ರಾಮ ಒನ್ ಹುಡುಗಿಗೆ ಹೊಳೆದರೆ, ಅದನ್ನು ರಾಜ್ಯವೆಲ್ಲ ಬಳಸಲಿ, ಆಕೆಯ ಹೆಸರಿನಲ್ಲಿ ದಾಖಲಿಸಲಿ, ಒಂದು ಮೊತ್ತವನ್ನೂ ಕೊಡಲಿ. ಖಾಸಗಿ ಕಂಪನಿಗಳಿಗೆ ಬುದ್ಧಿ ಹೇಳುವ ಮುನ್ನ ಸರಕಾರ ತನ್ನ ಕರಾರಿನಲ್ಲಿ ಈ ಎರಡು ಸಾಲು ಬರೆಯಲಿ.

ನೇಕಾರ ಬಂಧುಗಳಲ್ಲಿ ಒಂದು ಬಿನ್ನಹ: ಹೊಸ ದಡಿಯನ್ನು ಪೇಟೆಗೆ ತೋರಿಸುವ ಮುನ್ನವೇ ವಿನ್ಯಾಸದ ನೋಂದಣಿಗೆ ಅರ್ಜಿ ಹಾಕಿರಿ. ಕಚೇರಿ ಕೋಲ್ಕತ್ತದಲ್ಲಿದ್ದರೂ ಅರ್ಜಿಯನ್ನು ಕಂಪ್ಯೂಟರಿನ ಮೂಲಕವೇ ಸಲ್ಲಿಸಬಹುದು. ರಕ್ಷಣೆ ಹತ್ತು ವರ್ಷ, ಬೇಕಾದರೆ ಮತ್ತೈದು. ಒಬ್ಬೊಬ್ಬರಿಂದ ಆಗದಿದ್ದರೆ ನೇಕಾರರ ಸಹಕಾರಿ ಸಂಘಗಳು ಈ ಕೆಲಸವನ್ನು ಹೊರಲಿ. ಫ್ರಾಂಚೈಸಿ ಹಿಡಿಯಹೊರಟ ತರುಣರಲ್ಲಿ ಇನ್ನೊಂದು: ರುಜು ಹಾಕುವ ಮುನ್ನ ಆ ನಡುಪುಟವನ್ನು ಜಮಖಂಡಿಯ ಯಾರಾದರೂ ವಕೀಲರ ಮುಂದಿಟ್ಟು ಓದಿಸಿರಿ. 'ಸುಧಾರಣೆ' ಎಂಬ ಶಬ್ದ ಎಲ್ಲಿದೆಯೆಂದು ಕೇಳಿರಿ. ಅದರ ಮುಂದೆ 'ಕಂಪನಿಯ ಸ್ವತ್ತು' ಎಂದಿದ್ದರೆ ಅದನ್ನು ಹೊಡೆದುಹಾಕಿಸಿ, 'ಕಂಪನಿಯು ಬಳಸಬಹುದು' ಎಂದು ಬರೆಸಿರಿ. ಒಪ್ಪದಿದ್ದರೆ ಡಿಪಾಜಿಟ್ಟಿನ ಹಣ ಇನ್ನೂ ನಿಮ್ಮ ಕೈಯಲ್ಲಿಯೇ ಇದೆ. ಅಪ್ಪ ಹೇಳಿದ ಎಮ್ಮೆಯನ್ನೇ ಕೊಳ್ಳಿರಿ.